ಅನ್ನವಿಟ್ಟ ಕೈಯೂ ವಿಶ್ವಾಸವೂ

ಮಗುವಿಗೆ ಅನ್ನವಿಡುವ ಕೈಯೇ ಅದಕ್ಕೆ ಪ್ರಾರ್ಥನೆಯನ್ನೂ ಕಲಿಸುವುದಾದರೆ, ಆ ಪ್ರಾರ್ಥನೆಯಲ್ಲಿ ಭಕ್ತಿಯ ಭಾಗವೆಷ್ಟು, ಉಪ್ಪಿನ ಋಣದ ಭಾಗವೆಷ್ಟು ಎಂದು ವಿಂಗಡಿಸಿ ಹೇಳುವುದು ಸಾಧ್ಯವೇ? ಮನೆಯಲ್ಲಿ ಬೆಳೆಯುವ ಮಗುವಿನ ವಿಷಯದಲ್ಲಿ ಈ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ತಾಯಿಯು ತುತ್ತನ್ನೂ ದೇವರ ಹೆಸರನ್ನೂ ಒಟ್ಟಿಗೆ ಕೊಡುವಳು. ಮಗುವು ಎರಡನ್ನೂ ಒಟ್ಟಿಗೆ ಸ್ವೀಕರಿಸುವುದು. ಮುಂದೆ ಅದು ದೊಡ್ಡದಾಗಿ ಆ ದೇವರನ್ನು ಒಪ್ಪಿದರೂ ಸರಿಯೇ, ಬಿಟ್ಟರೂ ಸರಿಯೇ, ತಾಯಿಯ ಮನೆಯ ಬಾಗಿಲು ಅದಕ್ಕೆ ಮುಚ್ಚುವುದಿಲ್ಲ. ಆದರೆ ಹೆತ್ತವರಿಲ್ಲದೆಯೋ, ಇದ್ದರೂ ಅವರು ಸಾಕಲಾರದೆಯೋ, ಅನ್ಯರು ಧರ್ಮಾರ್ಥವಾಗಿ ನಡೆಯಿಸುವ ಆಶ್ರಮದಲ್ಲಿ ಬೆಳೆಯುವ ಮಗುವಿನ ಪಾಡು ಬೇರೆ. ಅದಕ್ಕೆ ಆಶ್ರಯ ಕೊಟ್ಟವರು ಒಂದು ವಿಶ್ವಾಸದ ಪ್ರೇರಣೆಯಿಂದಲೇ ಕೊಟ್ಟವರು. ಆ ವಿಶ್ವಾಸವನ್ನು ಮಗುವಿನ ಹೃದಯದಲ್ಲಿಯೂ ನೆಡಬೇಕೆಂಬ ಆಸೆ ಅವರಿಗಿರುವುದು ಸಹಜ. ಅದೇ ಮಗುವು ನಾಳೆ ಯಾರ ಹಂಗೂ ಇಲ್ಲದೆ ಬಾಳಬೇಕೆಂಬ ಆಸೆಯೂ ಅವರಿಗೆ ಉಂಟು. ಈ ಎರಡು ಆಸೆಗಳು ಒಂದನ್ನೊಂದು ಬೆಳೆಯಿಸುವುವೋ, ಅಥವಾ ಒಂದರ ಬೇರಿಗೆ ಹೋಗಬೇಕಾದ ನೀರನ್ನು ಇನ್ನೊಂದು ಹೀರುವುದೋ ಎಂಬುದು ಇಲ್ಲಿಯ ವಿಚಾರ.

ನಮ್ಮ ಜಿಲ್ಲೆಯವರಿಗೆ ಇದು ಕೇವಲ ತರ್ಕದ ಮಾತಲ್ಲ. 1834ನೆಯ ಇಸವಿಯಲ್ಲಿ ಸ್ಯಾಮ್ಯುವೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನ್ನಿನ ಪರವಾಗಿ ಮಂಗಳೂರಿಗೆ ಬಂದಿಳಿದರು. ಅವರ ಹಿಂದೆ ಬಂದವರ ಕಾಲದಲ್ಲಿ ಮೂಲ್ಕಿಯಲ್ಲಿ ಹೆಣ್ಣುಮಕ್ಕಳಿಗೂ ಉಡುಪಿಯಲ್ಲಿ ಗಂಡುಮಕ್ಕಳಿಗೂ ಅನಾಥಶಾಲೆಗಳು ಏರ್ಪಟ್ಟುವು. ಕಥೋಲಿಕರು ಜೆಪ್ಪುವಿನಲ್ಲಿ ಸಂತ ಜೋಸೆಫರ ಹೆಸರಿನ ಆಶ್ರಮವನ್ನೂ ಅದಕ್ಕೆ ಸೇರಿದ ಕೈಗಾರಿಕೆಯ ಕಾರ್ಯಾಗಾರಗಳನ್ನೂ ಕಟ್ಟಿದರು. ಇಂಥ ಆಶ್ರಯಗಳಲ್ಲಿ ಓದಿ ಬೆಳೆದು ಉಪಾಧ್ಯಾಯರೋ, ದಾದಿಯರೋ, ಮುದ್ರಣಾಲಯದ ಕೆಲಸಗಾರರೋ ಆದವರ ಸಂತತಿ ಈ ಊರಿನಲ್ಲಿ ಅಲ್ಪವಲ್ಲ. ಹೊರಗಿನವರು ಈ ಸಂಸ್ಥೆಗಳನ್ನು ಕುರಿತು ಆಡುವ ಮಾತು ಮಾತ್ರ ಎರಡೇ ಬಗೆಯದು: ಕೆಲವರಿಗೆ ಅದು ಮಹಾಪುಣ್ಯದ ಕಾರ್ಯ, ಕೆಲವರಿಗೆ ಗಂಜಿಗೆ ಮತವನ್ನು ಮಾರುವ ಅಂಗಡಿ. ಹೊಗಳುವವನೂ ತೆಗಳುವವನೂ ಮಗುವಿನ ಮುಖವನ್ನು ನೋಡಿ ಮಾತನಾಡುವುದು ಅಪರೂಪ.

ಆಶ್ರಮದ ಮಗುವಿನ ಕೊರತೆಯೇನೆಂಬುದನ್ನು ಅರಿಯಬೇಕಾದರೆ ಆಶ್ರಮಕ್ಕೆ ಹೋಗುವುದಕ್ಕೆ ಮೊದಲು ಮನೆಗೆ ಹೋಗಬೇಕು. ಬಂದರಿನ ದಕ್ಕೆಯಲ್ಲಿ ನಿಂತು ಪಡುವಣಕ್ಕೆ ನೋಡಿದರೆ ಫಲ್ಗುಣಿ ಹೊಳೆಯ ಆಚೆಗೆ ಬೆಂಗ್ರೆ ಕಾಣಿಸುವುದು. ಹೊಳೆಗೂ ಕಡಲಿಗೂ ನಡುವೆ ಉದ್ದಕ್ಕೆ ಚಾಚಿಕೊಂಡ ಮರಳಿನ ನೆಲ. ಅದರ ತೆಂಕಣ ತುದಿಯಲ್ಲಿ ನೇತ್ರಾವತಿಯೂ ಫಲ್ಗುಣಿಯೂ ಕೂಡಿ ಕಡಲನ್ನು ಸೇರುವ ಅಳಿವೆ. ತೋಟ ಬೆಂಗ್ರೆ, ಕಸಬಾ ಬೆಂಗ್ರೆ ಎಂದು ಜನರು ಕರೆಯುವ ಈ ಕೇರಿಗಳಲ್ಲಿ ಮೊಗವೀರರೂ ಮುಸಲ್ಮಾನರೂ ಬಹುಕಾಲದಿಂದ ಬಾಳಿಕೊಂಡು ಬಂದಿದ್ದಾರೆ. ಪೇಟೆಗೆ ಬರುವವರು ಕಡವಿನ ದೋಣಿಯಲ್ಲಿ ಹೊಳೆ ದಾಟುವರು. ಶಾಲೆಯ ಮಕ್ಕಳೂ ಚೀಲ ಹೊತ್ತು ಅದೇ ದೋಣಿಯಲ್ಲಿ ಕುಳಿತು ಬರುವರು.

ಅಲ್ಲಿಯ ಹುಡುಗನೊಬ್ಬನು ಬೆಳೆಯುವ ಬಗೆಯನ್ನು ನೋಡಿರಿ. ನಡೆಯಲು ಕಲಿತಂದಿನಿಂದ ಅವನು ಬಲೆಯ ನಡುವೆಯೇ ಇರುವನು. ಹರಿದ ಬಲೆಯನ್ನು ದೊಡ್ಡವರು ಹೆಣೆಯುವಾಗ ನೂಲಿನ ಉಂಡೆಯನ್ನು ಹಿಡಿದುಕೊಳ್ಳುವುದು ಅವನ ಮೊದಲ ಉದ್ಯೋಗ. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಂತ್ರದ ದೋಣಿಗಳಿಗೆ ಸರಕಾರದ ನಿಷೇಧವಿರುವುದರಿಂದ, ಆ ಕಾಲದಲ್ಲಿ ನಾಡದೋಣಿಯವರು ಆಕಾಶವನ್ನೂ ಅಲೆಯನ್ನೂ ನೋಡಿ ಇಳಿಯಬೇಕೋ ಬಾರದೋ ಎಂದು ತರ್ಕಿಸುವುದನ್ನು ಅವನು ಕೇಳುವನು. ಕಡಲಿಗೆ ಕೈಮುಗಿಯುವುದನ್ನೂ ಅವನು ಅಲ್ಲಿಯೇ ಕಾಣುವನು. ಮೊಗವೀರರ ಮನೆಯವನಾದರೆ ಸಂಜೆಯ ಭಜನೆಯ ತಾಳ, ಬೊಬ್ಬರ್ಯನ ಭಯಭಕ್ತಿ. ಮುಸಲ್ಮಾನರ ಮನೆಯವನಾದರೆ ಮಸೀದಿಯ ಕರೆ, ಮದರಸದ ಪಾಠ. ದೇವರೂ ಹುಟ್ಟುಗೋಲೂ ಅವನಿಗೆ ಒಂದೇ ದೋಣಿಯಲ್ಲಿ ದೊರೆಯುವುವು. ಯಾವುದು ವಿಶ್ವಾಸ, ಯಾವುದು ಸ್ವಾವಲಂಬನ ಎಂಬ ವಿಭಾಗವೇ ಅವನಿಗೆ ತಿಳಿಯದು. ಇಂದು ಆ ಹುಡುಗರಲ್ಲಿ ಎಷ್ಟೋ ಮಂದಿ ಕಾಲೇಜಿಗೆ ಹೋಗಿ ಬೇರೆ ಉದ್ಯೋಗ ಹಿಡಿಯುವರು. ಆದರೂ ಬಾಲ್ಯದ ಆ ಪಾಠವು ಅಳಿಯುವುದಿಲ್ಲ.

ಇದಕ್ಕಿಂತಲೂ ಮುಖ್ಯವಾದುದು ಇನ್ನೊಂದು ಉಂಟು. ಆ ಹುಡುಗನು ತಂದೆಯೊಡನೆ ಜಗಳವಾಡಬಲ್ಲನು. ಹದಿನಾರರ ಹರೆಯದಲ್ಲಿ, "ನಾನು ಭಜನೆಗೆ ಬರುವುದಿಲ್ಲ" ಎಂದು ಮುಖ ತಿರುಗಿಸಿ ಸೋದರಮಾವನ ಮನೆಗೆ ಹೋಗಿ ಕೂರಬಲ್ಲನು. ಅಳಿಯಸಂತಾನದ ಸಂಪ್ರದಾಯವಿದ್ದ ಮನೆತನಗಳಲ್ಲಿ ಮಾವನ ಮಾತಿಗೆ ಇಂದಿಗೂ ತೂಕವುಂಟು. ಮಾವನು ಬೈಯುವನು, ಅತ್ತೆಯು ಗಂಜಿ ಬಡಿಸುವಳು. ಮೂರನೆಯ ದಿನ ಹುಡುಗನು ಮನೆಗೆ ಬಂದರೆ ತಾಯಿಯು ಏನೂ ನಡೆಯದವಳಂತೆ ಮೀನಿನ ಸಾರನ್ನು ಮುಂದಿಡುವಳು. ಜಗಳವಾಡಿಯೂ ಹಿಂದಿರುಗಬಹುದೆಂಬ ಈ ನಂಬುಗೆಯೇ ಮನೆಯ ಸಾರ. ಅದನ್ನು ಉಂಡು ಬೆಳೆದವನು ಮುಂದೆ ಭಜನೆಗೆ ಬಂದರೆ, ಅದು ಅವನದೇ ಬರುವಿಕೆ.

ಆಶ್ರಮದಲ್ಲಿ ಆಹಾರವೂ ಬಟ್ಟೆಯೂ ಪಾಠವೂ ಅನೇಕವೇಳೆ ಮನೆಗಿಂತ ಚೆನ್ನಾಗಿಯೇ ಇರುವುವು. ಇಲ್ಲದಿರುವುದು ಈ ಜಗಳದ ಸೌಲಭ್ಯ. ಗಂಟೆ ಬಾರಿಸಿದರೆ ಏಳಬೇಕು. ಗಂಟೆ ಬಾರಿಸಿದರೆ ಮೊಣಕಾಲೂರಬೇಕು. ಗಂಟೆ ಬಾರಿಸಿದರೆ ಉಣ್ಣಬೇಕು. ನೂರು ಮಕ್ಕಳನ್ನು ಸಾಕುವ ಕಡೆ ಗಂಟೆಯಿಲ್ಲದೆ ನಡೆಯದೆಂಬುದು ಸರಿ. ಗಂಟೆಯನ್ನು ನಾವು ದೂರುತ್ತಿಲ್ಲ. ಆದರೆ ಪ್ರಾರ್ಥನೆಯ ಗಂಟೆಯೂ ಊಟದ ಗಂಟೆಯೂ ಒಂದೇ ಕಂಚಿನದಾದಾಗ, ಒಂದಕ್ಕೆ ಓಗೊಡದವನು ಇನ್ನೊಂದಕ್ಕೂ ಅರ್ಹನಲ್ಲವೇನೋ ಎಂಬ ಅಳುಕು ಮಗುವಿನ ಮನಸ್ಸಿನಲ್ಲಿ ಮೂಡುವುದು. ಹಾಗೆಂದು ಯಾವ ಹಿರಿಯರೂ ಹೇಳಿರಲಾರರು. ಹೇಳಬೇಕಾದುದೂ ಇಲ್ಲ. ಆಶ್ರಯದಲ್ಲಿರುವವರು ಹೇಳದ ಮಾತನ್ನು ಬಹು ಬೇಗ ಕೇಳಿಸಿಕೊಳ್ಳುವರು. ಹೋಗಲು ಮಾವನ ಮನೆಯಿಲ್ಲದ ಮಗುವು ಎಲ್ಲರಿಗಿಂತ ಮೊದಲು ಒಪ್ಪಿಕೊಳ್ಳುವುದನ್ನು ಕಲಿಯುವುದು. ಅಂಥ ಮಗುವಿನ ವಿಧೇಯತೆಯನ್ನು ಭಕ್ತಿಯೆಂದು ಎಣಿಸಿ ವರದಿಯಲ್ಲಿ ಬರೆಯುವುದು ಸುಲಭ. ಆ ವರದಿಯನ್ನು ಓದಿ ದೂರದ ದಾತೃಗಳು ಆನಂದಪಡುವುದು ಇನ್ನೂ ಸುಲಭ.

ಈ ಅಪಾಯವು ಮಿಶನ್ನಿನವರಿಗೇ ತಿಳಿದಿರಲಿಲ್ಲವೆಂದು ಭಾವಿಸಬಾರದು. ಕ್ರಿಸ್ತನನ್ನು ನಂಬಿ ಬಂದವನು ತನ್ನ ಜಾತಿಯನ್ನೂ ಕುಲವೃತ್ತಿಯನ್ನೂ ಒಕ್ಕಲುಭೂಮಿಯನ್ನೂ ಕಳೆದುಕೊಂಡು ಬರಿಗೈಯಲ್ಲಿ ನಿಲ್ಲುತ್ತಿದ್ದನು. ಅವನಿಗೆ ಪುಕ್ಕಟೆಯಾಗಿ ಅನ್ನ ಕೊಟ್ಟರೆ ಸೋಮಾರಿತನವೂ ಕಪಟವೂ ಬೆಳೆಯುವುವು, ಕೊಡದಿದ್ದರೆ ಉಪವಾಸ. ಈ ಇಕ್ಕಟ್ಟಿನಿಂದ ಹೊರಬರುವುದಕ್ಕೆ ಅವರು ಬೇಸಾಯವನ್ನೂ ಮರಗೆಲಸವನ್ನೂ ಗಡಿಯಾರದ ಕೆಲಸವನ್ನೂ ಒಂದೊಂದಾಗಿ ಪ್ರಯೋಗಿಸಿ ನೋಡಿ, ಕೊನೆಗೆ ನೆಯ್ಗೆಯಲ್ಲಿಯೂ ಹಂಚಿನಲ್ಲಿಯೂ ನೆಲೆ ಕಂಡರು. 1841ರಲ್ಲಿ ಬಲ್ಮಠದಲ್ಲಿ ಅಚ್ಚುಕೂಟವು ಆರಂಭವಾಯಿತು. 1851ರಲ್ಲಿ ಬಂದ ಹಾಲರನು ನೆಯ್ಗೆಯನ್ನು ಊರ್ಜಿತಗೊಳಿಸಿದನು. 1865ರಲ್ಲಿ ಪ್ಲೆಬ್ಸ್ಟನು ಹೊಳೆಯ ಜೇಡಿಮಣ್ಣಿನಿಂದ ಹಂಚು ಮಾಡುವ ಕಾರ್ಖಾನೆಯನ್ನು ತೆರೆದನು. ಆಮೇಲೆ ಮಂಗಳೂರು ಹಂಚಿನ ಹೆಸರು ಕಡಲಾಚೆಗೂ ಹೋಯಿತು. ಅನಾಥಶಾಲೆಯಲ್ಲಿ ಬೆಳೆದ ಹುಡುಗನಿಗೆ ಇನ್ನು ಭಿಕ್ಷದ ಅನ್ನವಿಲ್ಲ, ದುಡಿಮೆಯ ಕೂಲಿಯುಂಟು ಎಂದಾಯಿತು.

ಇದು ಸ್ವಾತಂತ್ರ್ಯವೇ? ಅರ್ಧ ಮಾತ್ರ ಎನ್ನಬೇಕಾಗಿದೆ. ಆ ಹುಡುಗನು ದುಡಿಯುತ್ತಿದ್ದುದು ಮಿಶನ್ನಿನ ಕಾರ್ಖಾನೆಯಲ್ಲಿ. ಅವನ ದಿನದ ಕೆಲಸವು ಪ್ರಾರ್ಥನೆಯಿಂದ ಆರಂಭವಾಗುತ್ತಿತ್ತು. ಅವನ ಮನೆಯಿದ್ದುದು ಮಿಶನ್ನಿನ ಕಂಪೌಂಡಿನಲ್ಲಿ, ಉಳಿತಾಯವಿದ್ದುದು ಅವರ ನಿಧಿಯಲ್ಲಿ, ಮಕ್ಕಳು ಓದುತ್ತಿದ್ದುದು ಅವರ ಶಾಲೆಯಲ್ಲಿ, ಮದುವೆಯ ವಿಷಯದಲ್ಲಿಯೂ ನಡೆಯುತ್ತಿದ್ದುದು ಸಭೆಯ ಹಿರಿಯರ ಮಾತು. ಹೀಗೆ ಅನಾಥಶಾಲೆಯ ಗೋಡೆಯು ಬಿದ್ದುಹೋಗದೆ ಸ್ವಲ್ಪ ಅಗಲವಾಯಿತು, ಅಷ್ಟೆ. ಇದನ್ನು ನಾವು ನಿಷ್ಠುರವಾಗಿ ಹೇಳುತ್ತಿರುವೆವೆಂದು ತೋರಬಹುದು. ಆ ಕಾಲದ ಕೂಲಿಯವನೊಬ್ಬನಿಗೆ ರೋಗದಲ್ಲಿ ಸಹಾಯವೂ ಮಕ್ಕಳಿಗೆ ಅಕ್ಷರವೂ ದೊರೆಯುತ್ತಿದ್ದ ಸ್ಥಳಗಳು ಎಷ್ಟಿದ್ದುವೆಂದು ಯಾರಾದರೂ ಕೇಳಿದರೆ, ನಾವು ತಲೆತಗ್ಗಿಸಬೇಕಾದುದೇ. ಆದರೆ ಉಪಕಾರವು ದೊಡ್ಡದಾಗಿರುವಲ್ಲಿಯೇ ಪ್ರಶ್ನೆಯೂ ದೊಡ್ಡದಾಗುವುದು.

1914ರಲ್ಲಿ ಮಹಾಯುದ್ಧವು ಆರಂಭವಾದಾಗ ಆ ಪ್ರಶ್ನೆಗೆ ಚರಿತ್ರೆಯೇ ಒಂದು ಪರೀಕ್ಷೆಯನ್ನು ಒಡ್ಡಿತು. ಜರ್ಮನ್ ಪಾದ್ರಿಗಳು ಶತ್ರುದೇಶದವರೆಂದು ಸೆರೆಗೆ ಒಳಗಾಗಿ ಕ್ರಮೇಣ ದೇಶವನ್ನು ಬಿಡಬೇಕಾಯಿತು. ಕಾರ್ಖಾನೆಗಳು ಕಾಮನ್ವೆಲ್ತ್ ಟ್ರಸ್ಟಿನ ವಶಕ್ಕೆ ಹೋದುವು. ಎಂಬತ್ತು ವರ್ಷ ತಲೆಯ ಮೇಲಿದ್ದ ಕೈ ಒಮ್ಮೆಲೇ ಇಲ್ಲವಾಯಿತು. ಅನ್ನಕ್ಕಾಗಿ ಮಾತ್ರ ಸೇರಿದ ಜನವಾಗಿದ್ದರೆ ಸಭೆಗಳು ಆಗಲೇ ಚದರಿಹೋಗಬೇಕಾಗಿತ್ತು. ಚದರಲಿಲ್ಲ. ಈ ನೆಲದ ಬೋಧಕರೂ ಉಪಾಧ್ಯಾಯರೂ ಹಿರಿಯರೂ ಕಾಣಿಕೆ ಕೂಡಿಸಿ ದೇವಾಲಯಗಳನ್ನು ನಡೆಯಿಸಿದರು. "ಗಂಜಿಯ ಕ್ರೈಸ್ತರು" ಎಂದು ಹಾಸ್ಯಮಾಡುತ್ತಿದ್ದವರಿಗೆ ಇದು ಸಾಕಾದಷ್ಟು ಉತ್ತರ. ಅದರೊಡನೆ ಇನ್ನೊಂದನ್ನೂ ಗಮನಿಸಬೇಕು: ಆಶ್ರಯದಾತರು ಇರುವವರೆಗೆ ಆ ವಿಶ್ವಾಸವು ನಿಜವೋ ಅಲ್ಲವೋ ಎಂಬುದು ವಿಶ್ವಾಸಿಗಳಿಗೇ ತಿಳಿಯುವ ಸಂದರ್ಭವಿರಲಿಲ್ಲ. ಕೈ ಹಿಂದೆ ಸರಿದಾಗ ತಿಳಿಯಿತು. ಹೀಗೆ ತಿಳಿಯುವುದಕ್ಕೆ ಪ್ರತಿಯೊಂದು ತಲೆಮಾರಿಗೂ ಒಂದು ಮಹಾಯುದ್ಧ ಬೇಕೆಂದು ಯಾರೂ ಹೇಳಲಾರರು. ತಾವಾಗಿ, ಸ್ವಲ್ಪ ಸ್ವಲ್ಪವಾಗಿ, ಪ್ರೀತಿಯಿಂದ ಕೈಯನ್ನು ಹಿಂದೆಗೆಯುವ ವಿದ್ಯೆಯೊಂದು ಸಾಕುವವರಿಗೆ ಬರಬೇಡವೇ?

ಇದೇ ಮಂಗಳೂರಿನಲ್ಲಿ 1844ರಲ್ಲಿ ಆನಂದರಾವ್ ಕೌಂಡಿನ್ಯನೆಂಬ ಸಾರಸ್ವತ ಬ್ರಾಹ್ಮಣ ತರುಣನು ದೀಕ್ಷಾಸ್ನಾನ ಪಡೆದಾಗ ಊರೆಲ್ಲ ಗದ್ದಲವಾಯಿತು. ಅವನು ಮುಂದೆ ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಬೋಧಕನಾಗಿ ಹಿಂದಿರುಗಿದನು. ಅವನ ನಿರ್ಣಯವನ್ನು ಒಪ್ಪದವರು ಅಂದೂ ಇದ್ದರು, ಇಂದೂ ಇರಬಹುದು. ಆದರೆ ಅದು ಅವನ ಸ್ವಂತ ನಿರ್ಣಯವೆಂಬುದನ್ನು ಯಾರೂ ಅಲ್ಲಗಳೆಯರು. ಏಕೆಂದರೆ ಅದಕ್ಕಾಗಿ ಅವನು ಬೆಲೆ ತೆತ್ತನು. ಕೌಂಡಿನ್ಯನಿಗೆ ನಂಬುವುದಕ್ಕಾಗಿ ಮನೆಯನ್ನು ಬಿಡಬೇಕಾಯಿತು. ಆಶ್ರಮದ ಮಗುವಿಗಾದರೋ ನಂಬದಿದ್ದರೆ ಮನೆಯನ್ನು ಬಿಡಬೇಕಾದೀತೆಂಬ ಅಂಜಿಕೆ. ಒಂದೇ ವಿಶ್ವಾಸವು ಒಬ್ಬನಲ್ಲಿ ಧೈರ್ಯವೆಂದೂ ಇನ್ನೊಬ್ಬನಲ್ಲಿ ಪರಾಧೀನತೆಯೆಂದೂ ತೋರುವುದಕ್ಕೆ ಕಾರಣವು ಇಲ್ಲಿದೆ. ಹಾಗೆಂದು ಪ್ರತಿಯೊಂದು ಮಗುವಿಗೂ ಕೌಂಡಿನ್ಯನ ಕಷ್ಟವು ಬರಲೆಂದು ನಾವು ಹಾರೈಸುವುದಿಲ್ಲ. ನಂಬಲೊಲ್ಲೆ ಎಂದರೂ ಊಟವೂ ಹಾಸಿಗೆಯೂ ಪ್ರೀತಿಯೂ ತಪ್ಪುವುದಿಲ್ಲವೆಂಬ ಭರವಸೆ ಸ್ಪಷ್ಟವಾಗಿ ದೊರೆತರೆ ಸಾಕು. ನಂಬುತ್ತೇನೆ ಎಂಬ ಮಾತಿಗೆ ಆಗ ಬೆಲೆ ಬರುವುದು.

ಈ ತೊಡಕನ್ನು ತನ್ನ ಬಾಳಿನಲ್ಲಿಯೇ ಎರಡು ಕಡೆಗಳಿಂದಲೂ ಅನುಭವಿಸಿದವರು ಪಂಡಿತಾ ರಮಾಬಾಯಿಯವರು. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಕಡೆಯ ಮಾಳದವರು. ರಮಾಬಾಯಿಯವರು 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದರು. ಆದಕಾರಣ ಅವರನ್ನು ನಮ್ಮ ಸೀಮೆಯವರೆಂದು ಹೇಳಿಕೊಳ್ಳುವುದರಲ್ಲಿ ತಪ್ಪಿಲ್ಲ. ಬರಗಾಲದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡು ಅವರೂ ಅನಾಥೆಯೇ ಆದರು. 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ, ಕ್ರೈಸ್ತ ಸನ್ಯಾಸಿನಿಯರ ಆಶ್ರಯದಲ್ಲಿರುವಾಗ, ದೀಕ್ಷಾಸ್ನಾನ ಪಡೆದರು. ಅಲ್ಲಿಯ ಹಿರಿಯರು ಅವರಿಂದ ನಿರೀಕ್ಷಿಸಿದ್ದುದು ವಿಧೇಯತೆ. ರಮಾಬಾಯಿಯವರಾದರೋ ತಮ್ಮ ಬುದ್ಧಿಗೂ ಅಂತಃಕರಣಕ್ಕೂ ಒಪ್ಪದ ಮಾತನ್ನು ಗುರುವಾಕ್ಯವೆಂಬ ಒಂದೇ ಕಾರಣದಿಂದ ಒಪ್ಪಿಕೊಳ್ಳಲು ನಿರಾಕರಿಸಿದರು. ತಮಗೆ ಆಶ್ರಯವಿತ್ತ ಸಿಸ್ಟರ್ ಜೆರಾಲ್ಡೀನರೊಡನೆ ಅವರು ನಡೆಯಿಸಿದ ಪತ್ರವ್ಯವಹಾರವು ಇಂದಿಗೂ ಓದಲು ಸಿಗುವುದು. ಉಪಕಾರಸ್ಮರಣೆಯನ್ನೂ ಅಂತಃಕರಣದ ಹಕ್ಕನ್ನೂ ಒಟ್ಟಿಗೆ ಕಾಪಾಡಿಕೊಳ್ಳುವುದು ಎಷ್ಟು ಕಠಿನವೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷ್ಯ ದೊರೆಯದು.

ಅದೇ ರಮಾಬಾಯಿಯವರು 1889ರಲ್ಲಿ ಮುಂಬಯಿಯಲ್ಲಿ ಶಾರದಾಸದನವನ್ನು ತೆರೆದು ತಾವೇ ಆಶ್ರಯದಾತೆಯಾದರು. ಅಲ್ಲಿ ಮತಬೋಧನೆಯಿಲ್ಲವೆಂಬುದು ಒಪ್ಪಂದ. ಆದರೆ ಅವರು ತಮ್ಮ ಸ್ವಂತ ಪ್ರಾರ್ಥನೆಯನ್ನು ಬಾಗಿಲು ತೆರೆದಿಟ್ಟುಕೊಂಡೇ ಮಾಡುತ್ತಿದ್ದರು. ಹುಡುಗಿಯರು ಕೆಲವರು ತಾವಾಗಿಯೇ ಬಂದು ಕೂರುತ್ತಿದ್ದರು. ಸದನವು ಪುಣೆಗೆ ಬಂದ ಮೇಲೆ, 1893ರಲ್ಲಿ, ಇದರಿಂದಲೇ ದೊಡ್ಡ ಕೋಲಾಹಲವೆದ್ದಿತು, ಸಲಹೆಗಾರರು ದೂರವಾದರು, ಪೋಷಕರನೇಕರು ತಮ್ಮ ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ತೆರೆದ ಬಾಗಿಲು ತಪ್ಪೇ? ರಮಾಬಾಯಿಯವರ ಪಕ್ಷದಿಂದ ನೋಡಿದರೆ ತಪ್ಪಲ್ಲ: ತನ್ನ ಮನೆಯಲ್ಲಿ ತನ್ನ ದೇವರನ್ನು ಕಳ್ಳತನದಿಂದ ಪೂಜಿಸಬೇಕೆಂದು ಯಾರೂ ವಿಧಿಸಲಾರರು. ಹುಡುಗಿಯರ ಪಕ್ಷದಿಂದ ನೋಡಿದರೆ ಮಾತು ಅಷ್ಟು ಸರಳವಲ್ಲ. ಜಗತ್ತಿನಲ್ಲಿ ತನ್ನನ್ನು ಪ್ರೀತಿಸುವವಳು ಒಬ್ಬಳೇ ಎಂದಿರುವಾಗ, ಆಕೆಯು ಕುಳಿತ ಕೋಣೆಯ ತೆರೆದ ಬಾಗಿಲು ಯಾವ ಆಜ್ಞೆಗಿಂತಲೂ ಬಲವಾಗಿ ಒಳಗೆ ಕರೆಯುವುದು. ಮುಂದೆ ಕೇಡಗಾಂವಿನ ಮುಕ್ತಿಯಲ್ಲಿ ಬರಗಾಲದ ನೂರಾರು ಹೆಣ್ಣುಮಕ್ಕಳು ಸೇರಿದ ಮೇಲಂತೂ ಪ್ರಾರ್ಥನೆಯೇ ಆ ಆಶ್ರಮದ ಗಾಳಿಯಾಯಿತು. ತಮ್ಮ ಮೇಲೆ ಗುರುವಿನ ಅಧಿಕಾರವನ್ನು ಒಪ್ಪದವರು ನೂರಾರು ಮಕ್ಕಳಿಗೆ ತಾವೇ ಗುರುವಾದಾಗ, ಆ ಮಕ್ಕಳಲ್ಲಿ ಇನ್ನೊಬ್ಬ ರಮಾಬಾಯಿ ಹುಟ್ಟಿ ಎದುರಾಡಿದ್ದರೆ ಏನಾಗುತ್ತಿತ್ತು? ನಮಗೆ ರಮಾಬಾಯಿಯವರಲ್ಲಿ ಅಪಾರ ಗೌರವವಿದೆ. ಗೌರವವಿರುವುದರಿಂದಲೇ ಈ ಪ್ರಶ್ನೆಯನ್ನು ಬಿಡಲಾಗುವುದಿಲ್ಲ.

ಇಲ್ಲಿಗೆ ಒಬ್ಬ ಆಕ್ಷೇಪಕನು ಎದ್ದು ಹೇಳಬಹುದು: "ಹಾಗಾದರೆ ಮಕ್ಕಳಿಗೆ ಯಾವ ವಿಶ್ವಾಸವನ್ನೂ ಕಲಿಸದೆ, ಅನ್ನವನ್ನೂ ಅಕ್ಷರವನ್ನೂ ಮಾತ್ರ ಕೊಟ್ಟು ಬಿಡೋಣವೇ? ದೊಡ್ಡವರಾದ ಮೇಲೆ ಅವರೇ ಆರಿಸಿಕೊಳ್ಳಲಿ." ಈ ಮಾತು ಉದಾರವೆಂದು ಮೊದಲಿಗೆ ತೋರುವುದು. ವಿಚಾರಿಸಿದರೆ ಟೊಳ್ಳು. ಯಾವ ಭಾಷೆಯನ್ನೂ ಕಲಿಸದೆ, ದೊಡ್ಡದಾದ ಮೇಲೆ ತನ್ನ ಭಾಷೆಯನ್ನು ತಾನೇ ಆರಿಸಿಕೊಳ್ಳಲಿ ಎಂದು ಮಗುವನ್ನು ಸುಮ್ಮನೆ ಬಿಟ್ಟರೆ ಅದು ಮೂಕವಾಗುವುದೇ ಹೊರತು ಸ್ವತಂತ್ರವಾಗದು. ತುಳುವನ್ನು ಮನೆಯಲ್ಲಿ ಕಲಿತವನೇ ಕನ್ನಡವನ್ನು ಶಾಲೆಯಲ್ಲಿ ಕಲಿತು, ಇಂಗ್ಲಿಷನ್ನು ಕಚೇರಿಯಲ್ಲಿ ಆಡಿಯಾನು. ತಂದೆತಾಯಿಗಳ ನೆನಪೇ ಇಲ್ಲದ ಮಗುವಿಗೆ, ತನ್ನನ್ನು ಅರಿತಿರುವ ಒಬ್ಬನು ಇದ್ದಾನೆ, ಕತ್ತಲೆಯಲ್ಲಿಯೂ ಅವನಿಗೆ ತನ್ನ ಹೆಸರು ಗೊತ್ತು ಎಂಬ ನಂಬುಗೆ ಕೊಡುವ ಬಲವನ್ನು, ತತ್ತ್ವಜ್ಞರು ಎಷ್ಟೇ ತೂಗಿದರೂ, ಹಗುರವೆಂದು ಬದಿಗಿಡುವಂತಿಲ್ಲ. ಕೇವಲ ಅನ್ನವನ್ನು ಕೊಡುವ ಆಶ್ರಮವು ಛತ್ರವಾದೀತು, ಮನೆಯಾಗದು.

ಈ ಪ್ರಶ್ನೆಯು ಕ್ರೈಸ್ತರೊಬ್ಬರದೇ ಎಂದು ತಿಳಿಯುವುದೂ ಸರಿಯಲ್ಲ. 1897ರಲ್ಲಿ ಮಂಗಳೂರಿನಲ್ಲಿ ದಲಿತೋದ್ಧಾರಕ್ಕಾಗಿ ಸಂಸ್ಥೆಯನ್ನು ಕಟ್ಟಿ ಶಾಲೆಯನ್ನೂ ವಸತಿಯನ್ನೂ ಕೈಕಸುಬನ್ನೂ ಏರ್ಪಡಿಸಿದ ಕುದ್ಮುಲ್ ರಂಗರಾಯರು ಬ್ರಹ್ಮಸಮಾಜದವರು; ಅವರ ಮುಂದೆಯೂ ಇದೇ ಕೆಲಸದ ಇವೇ ತೊಡಕುಗಳಿದ್ದಿರಬೇಕು. 2019ರಲ್ಲಿ ಕಾಲವಾದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳ ಮಠದಲ್ಲಿ ಎಲ್ಲ ಜಾತಿಮತಗಳ ಸಾವಿರಾರು ಹುಡುಗರು ಉಂಡು ಓದಿದರು. ಅಲ್ಲಿಯೂ ಸಾಮೂಹಿಕ ಪ್ರಾರ್ಥನೆಯುಂಟು. ಯತೀಂಖಾನೆಗಳಲ್ಲಿಯೂ ಹೀಗೆಯೇ. ಎಲ್ಲಿ ದೇವರ ಹೆಸರಿನಿಂದ ಒಲೆ ಹೊತ್ತುವುದೋ ಅಲ್ಲೆಲ್ಲ ಈ ಪ್ರಶ್ನೆಯು ಅನ್ನದೊಡನೆಯೇ ಬೇಯುತ್ತಿರುವುದು.

ಕ್ರೈಸ್ತಶಾಸ್ತ್ರದೊಳಗೇ ಇದಕ್ಕೆ ಉತ್ತರದ ಸುಳಿವುಂಟು. ಎಳೆಯ ಮಗುವಿಗೆ ದೀಕ್ಷಾಸ್ನಾನವನ್ನು ಕೊಡುವ ಸಭೆಗಳು, ಅದು ಬುದ್ಧಿ ಬಂದ ಮೇಲೆ ಸಭೆಯ ಮುಂದೆ ನಿಂತು ತನ್ನ ಬಾಯಿಂದಲೇ ವಿಶ್ವಾಸವನ್ನು ಒಪ್ಪಿಕೊಳ್ಳಬೇಕೆಂದು ದೃಢೀಕರಣವನ್ನು ಇಟ್ಟಿವೆ. ಇನ್ನೊಬ್ಬರು ಕೊಟ್ಟುದು ಸಾಲದು, ತಾನೇ ತೆಗೆದುಕೊಳ್ಳಬೇಕು ಎಂಬುದೇ ಅದರ ಅರ್ಥವಲ್ಲವೇ? ಆದರೆ ಆಶ್ರಮಗಳಲ್ಲಿ ಈ ವಿಧಿಯು, ಶಾಲೆಯಲ್ಲಿ ಒಂದು ತರಗತಿಯಿಂದ ಇನ್ನೊಂದಕ್ಕೆ ಏರಿಸುವಂತೆ, ವಯಸ್ಸಿಗೆ ಬಂದ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮಾಡುವುದಾದರೆ ಅದರ ಜೀವವೇ ಹೋಗುವುದು. "ಈ ವರ್ಷ ಬೇಡ" ಎಂದು ಒಬ್ಬ ಹುಡುಗಿ ಹೇಳಿದರೆ ಆಕೆಯ ಮೇಲೆ ಯಾರ ಹುಬ್ಬೂ ಗಂಟಿಕ್ಕಬಾರದು. ಹಾಗೆ ಹೇಳಿದ ಹುಡುಗಿಯ ಉಪಾಧ್ಯಾಯಿನಿಗೆ, ತಾನು ಸೋತೆನೆಂದು ಕೊರಗುವುದಕ್ಕಿಂತ, ಮಗುವು ಈ ವಿಷಯವನ್ನು ನಿಜವೆಂದು ಎಣಿಸಿತೆಂದು ಸಂತೋಷಪಡುವುದಕ್ಕೆ ಹೆಚ್ಚು ಕಾರಣವುಂಟು.

ಲೂಕನ ಸುವಾರ್ತೆಯಲ್ಲಿ ದುಂದುಗಾರ ಮಗನ ಸಾಮ್ಯವಿದೆ. ಅದನ್ನು ಮಗನ ಪಶ್ಚಾತ್ತಾಪದ ಕಥೆಯಾಗಿಯೇ ಎಲ್ಲರೂ ಬೋಧಿಸುವರು. ಆಶ್ರಮ ನಡೆಯಿಸುವವರು ಅದರ ಆರಂಭವನ್ನು ಇನ್ನೊಮ್ಮೆ ಓದಬೇಕು. ಮಗನು ಪಾಲು ಕೇಳಿದನು, ತಂದೆಯು ಕೊಟ್ಟನು. ಎಲ್ಲಿಗೆ ಹೋಗುವೆ, ಏನು ಮಾಡುವೆ ಎಂದು ಷರತ್ತು ಹಾಕಿದ ಮಾತು ಅಲ್ಲಿ ಕಾಣುವುದಿಲ್ಲ. ಕೊಟ್ಟುದು ಹಾಳಾಗಬಹುದೆಂದು ಆ ತಂದೆಗೆ ತಿಳಿಯದೆ ಇದ್ದೀತೇ? ಹಿಂದಿರುಗುವ ಮಗನನ್ನು ದೂರದಿಂದಲೇ ಕಂಡನೆಂದರೆ ದಾರಿಯನ್ನು ನೋಡುತ್ತಲೇ ಇದ್ದನೆಂದಾಯಿತು. ಹೋಗಲು ಬಿಟ್ಟವನೇ ಕಾದುಕೊಂಡಿದ್ದವನೂ ಹೌದು. ಬೆಂಗ್ರೆಯ ತಾಯಿಯು ಮೂರನೆಯ ದಿನ ಮೀನಿನ ಸಾರನ್ನು ಮುಂದಿಡುವುದೂ ಇದೇ ಅಲ್ಲವೇ?

ಸ್ವಾವಲಂಬನವೆಂದರೆ ಕಸುಬಷ್ಟೇ ಎಂಬ ಭ್ರಾಂತಿಯೂ ಹೋಗಬೇಕು. ಹಂಚಿನ ಕಾರ್ಖಾನೆಗಳು ನಮ್ಮ ಊರಿನಲ್ಲಿ ಬಹುಮಟ್ಟಿಗೆ ಮುಚ್ಚಿಹೋದುವು, ಕಾಂಕ್ರೀಟು ಬಂದಿತು. ಕಲಿಸಿದ ಕಸುಬು ಇಪ್ಪತ್ತು ವರ್ಷಗಳಲ್ಲಿ ಹಳತಾಗುವ ಕಾಲವಿದು. ಕಸುಬಿಗಿಂತ ಹೆಚ್ಚಾಗಿ ಆಶ್ರಮದ ಮಗುವಿಗೆ ತಪ್ಪಿಹೋಗುವುದು ಸಣ್ಣ ಸಣ್ಣ ನಿರ್ಣಯಗಳ ಅಭ್ಯಾಸ. ಅಂಗಡಿಗೆ ಹೋಗಿ ಎರಡು ಬಗೆಯ ಅಕ್ಕಿಯ ಬೆಲೆ ಕೇಳಿ ಒಂದನ್ನು ಕೊಂಡು ತರುವುದು, ತಂದುದು ಕೆಟ್ಟದಾದರೆ ಬೈಸಿಕೊಳ್ಳುವುದು, ಕೈಯಲ್ಲಿರುವ ನೂರು ರೂಪಾಯಿಯನ್ನು ತಿಂಗಳ ಕೊನೆಯವರೆಗೆ ಎಳೆಯುವುದು, ಜ್ವರ ಬಂದವರ ಬಳಿ ರಾತ್ರಿ ಕೂರುವುದು, ಬಸ್ಸು ತಪ್ಪಿದರೆ ಏನು ಮಾಡುವುದೆಂದು ಯೋಚಿಸುವುದು: ಮನೆಯ ಮಕ್ಕಳು ಯಾರೂ ಕಲಿಸದೆ ಕಲಿಯುವ ಈ ವಿದ್ಯೆಗಳು, ಅಡುಗೆಯೂ ಲೆಕ್ಕವೂ ದೊಡ್ಡವರ ವಶದಲ್ಲಿರುವ ಕಡೆ ಬರುವುದಿಲ್ಲ. ಹದಿನೆಂಟು ವರ್ಷ ಒಂದು ಉಪ್ಪಿನ ಪೊಟ್ಟಣವನ್ನೂ ಕೊಳ್ಳದವನು ಹತ್ತೊಂಬತ್ತನೆಯ ವರ್ಷದಲ್ಲಿ ಬಾಡಿಗೆಯ ಕರಾರಿಗೆ ರುಜು ಹಾಕಬೇಕಾಗುವುದು. ಅಕ್ಕಿಯನ್ನು ಆರಿಸಲು ಬಿಡದವರು ದೇವರನ್ನು ಆರಿಸಲು ಬಿಟ್ಟೆವೆಂದು ಹೇಳಿದರೆ ಅದನ್ನು ನಂಬುವುದು ಕಷ್ಟ.

ಕಾನೂನು ಈಗ ಈ ವಿಷಯದಲ್ಲಿ ಸ್ವಲ್ಪ ಮುಂದುವರಿದಿದೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತವು 1992ರಲ್ಲಿ ಒಪ್ಪಿತು. ಅದರ 14ನೆಯ ಅನುಚ್ಛೇದವು ಮಗುವಿಗೂ ವಿಚಾರ, ಅಂತಃಕರಣ, ಧರ್ಮಗಳ ಸ್ವಾತಂತ್ರ್ಯವುಂಟೆಂದೂ, ಹಿರಿಯರು ಅದರ ಬೆಳೆಯುತ್ತಿರುವ ಶಕ್ತಿಗೆ ತಕ್ಕಂತೆ ದಾರಿ ತೋರಬಹುದೆಂದೂ ಹೇಳುವುದು. ಬೆಳೆಯುತ್ತಿರುವ ಶಕ್ತಿಗೆ ತಕ್ಕಂತೆ ಎಂಬ ಈ ಮಾತು ಬಹಳ ವಿವೇಕದ್ದು. ಆರು ವರ್ಷದವನ ಕೈಹಿಡಿಯುವ ಹಿಡಿತವೇ ಹದಿನಾರರವನಿಗೂ ಸಲ್ಲದು. ನಮ್ಮ ಸಂವಿಧಾನದ 28ನೆಯ ಅನುಚ್ಛೇದವು ಸರಕಾರದ ಮಾನ್ಯತೆಯನ್ನೋ ಧನಸಹಾಯವನ್ನೋ ಪಡೆಯುವ ವಿದ್ಯಾಸಂಸ್ಥೆಯಲ್ಲಿ, ಒಪ್ಪಿಗೆಯಿಲ್ಲದೆ ಯಾರನ್ನೂ ಮತಬೋಧನೆಗೆ ಕೂರಿಸಕೂಡದೆನ್ನುವುದು; ಅಪ್ರಾಪ್ತವಯಸ್ಕರಾದರೆ ಪೋಷಕರ ಒಪ್ಪಿಗೆ ಬೇಕು. ಆದರೆ ಪೋಷಕರ ಸ್ಥಾನದಲ್ಲಿ ಆಶ್ರಮವೇ ನಿಂತಿರುವಾಗ ಒಪ್ಪಿಗೆಯನ್ನು ಕೇಳುವವನೂ ಕೊಡುವವನೂ ಒಬ್ಬನೇ ಆಗುವನು. ಇಂಥಲ್ಲಿ ಕಾನೂನಿನ ಅಕ್ಷರವು ಮುಗಿದು ಸಾಕುವವರ ಮನಸ್ಸಾಕ್ಷಿಯು ಆರಂಭವಾಗಬೇಕು.

2015ರ ಬಾಲನ್ಯಾಯ ಕಾಯಿದೆಯಂತೆ ಮಕ್ಕಳನ್ನು ಇಂಥ ಗೃಹಗಳಿಗೆ ಸೇರಿಸುವುದು ಮಕ್ಕಳ ಕಲ್ಯಾಣ ಸಮಿತಿಯ ಮೂಲಕ. ಹದಿನೆಂಟು ತುಂಬಿದವರು ಹೊರಡಬೇಕು. ಇಪ್ಪತ್ತೊಂದರವರೆಗೆ ಅನುಪಾಲನೆಯ ನೆರವಿಗೆ ಅವಕಾಶವುಂಟು. ಮನೆಯಲ್ಲಿ ಹುಟ್ಟಿದ ಯಾವ ಮಗುವನ್ನೂ ಹದಿನೆಂಟನೆಯ ಹುಟ್ಟುಹಬ್ಬದಂದು ಪೆಟ್ಟಿಗೆ ಕೊಟ್ಟು ಕಳುಹಿಸುವುದಿಲ್ಲ. ಕಾನೂನು ಹಾಕಿದ ಗೆರೆಯನ್ನು ಪ್ರೀತಿಯು ದಾಟಬೇಕಾದುದು ಇಲ್ಲಿಯೇ. ಹದಿನಾಲ್ಕರಿಂದಲೇ ಮಗುವಿನ ಕೈಗೆ ಸ್ವಲ್ಪ ಹಣ, ವಾರಕ್ಕೊಂದು ದಿನ ಅಡುಗೆಮನೆಯ ಯಜಮಾನಿಕೆ. ಹದಿನಾರರಿಂದ ಸಂಜೆಯ ಪ್ರಾರ್ಥನೆಗೆ ಬರುವುದೂ ಬಾರದಿರುವುದೂ ಅವರವರ ಇಚ್ಛೆ, ಬಾರದವನ ಹೆಸರನ್ನು ಯಾವ ಪುಸ್ತಕದಲ್ಲಿಯೂ ಬರೆಯದಿರುವುದು. ತಂದೆಯೋ ತಾಯಿಯೋ ಉಳಿದಿದ್ದರೆ ಅವರ ಮನೆಯ ದೇವರನ್ನೂ ಹಬ್ಬವನ್ನೂ ಹೀಯಾಳಿಸದೆ, ರಜೆಯಲ್ಲಿ ಅಲ್ಲಿಗೆ ಹೋಗಿಬರಲು ದಾರಿಯ ಖರ್ಚು ಕೊಡುವುದು. ಇವುಗಳಿಗೆ ದೊಡ್ಡ ಧನವೇನೂ ಬೇಕಾಗಿಲ್ಲ. ಬೇಕಾದುದು ಮಗುವು ತಪ್ಪಿದರೂ ತಾಳಿಕೊಳ್ಳುವ ಎದೆ. ಅದನ್ನು ಯಾವ ದಾತೃವೂ ಚೆಕ್ಕಿನಲ್ಲಿ ಕಳುಹಿಸಲಾರನು.

ಪರೀಕ್ಷೆಗಳು ಮುಗಿದು ಮಾವು ಹಣ್ಣಾಗುವ ಹೊತ್ತಿಗೆ ದೊಡ್ಡ ಮಕ್ಕಳು ಹೊರಡುವ ಕಾಲ ಬರುವುದು. ಶಾಲೆಯ ಪ್ರಮಾಣಪತ್ರ, ಆಧಾರ್ ಕಾರ್ಡು, ಬ್ಯಾಂಕಿನ ಪುಸ್ತಕ, ಎರಡು ಜೊತೆ ಹೊಸ ಬಟ್ಟೆ, ಅವಸರಕ್ಕೆ ಕರೆಯಬೇಕಾದವರ ದೂರವಾಣಿಯ ಸಂಖ್ಯೆ, ಇವನ್ನೆಲ್ಲ ಮೇಲ್ವಿಚಾರಕರು ತಾವೇ ಎಣಿಸಿ ಪೆಟ್ಟಿಗೆಯಲ್ಲಿಡಲಿ. ಬೈಬಲನ್ನು ಮಾತ್ರ ಒಳಗಿಡದೆ ಮೇಜಿನ ಮೇಲೆ ಬಿಡುವುದು ಒಳ್ಳೆಯದು. ಬೇಕಾದವನು ಅದನ್ನು ತಾನೇ ಎತ್ತಿ ಬಟ್ಟೆಯ ನಡುವೆ ಇಟ್ಟುಕೊಳ್ಳುವನು. ಬಿಟ್ಟುಹೋದವನ ಪ್ರತಿಯ ಮೇಲೆ ಅವನ ಹೆಸರು ಬರೆದು ಕಪಾಟಿನಲ್ಲಿಡಬಹುದು. ಡಿಸೆಂಬರಿನಲ್ಲಿ ಹಳೆಯ ಮಕ್ಕಳಿಗೆಲ್ಲ ಕ್ರಿಸ್ಮಸ್ಸಿನ ಕಾಗದ ಬರೆಯುವಾಗ ಅವನ ವಿಳಾಸವನ್ನೂ ಹುಡುಕಿ ಬರೆಯಬೇಕು. ಊಟಕ್ಕೆ ಬರಬೇಕೆಂದು ಅದರಲ್ಲಿ ಇರಲಿ. ಎಷ್ಟು ಹೊತ್ತಿಗೆ ಊಟವೆಂಬುದೂ ಇರಲಿ.